ಎಚ್‌ಇಬಿಎ, ಬಿಕಾಂ, ವಿಜಯಪುರ: ಇಲ್ಲಿಂದ ಕ್ವಾಂಟ್ ಕೆಲಸಕ್ಕೆ ದಾರಿ ಇದೆಯಾ?

ಒಣದ್ರಾಕ್ಷಿ_24 (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಪಿಯುಸಿಯಲ್ಲಿ ಎಚ್‌ಇಬಿಎ ತಗೊಂಡಿದ್ದೆ, ಆಮೇಲೆ ಬಿಕಾಂ. ಅಂದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತದ ಸಹವಾಸವೇ ಇಲ್ಲ. ಬಿಕಾಂನಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ಪೇಪರ್ ಇತ್ತು. ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ ಪಾಸಾದೆ, ಸುಳ್ಳು ಯಾಕೆ ಹೇಳಲಿ. ಎರಡು ವರ್ಷದಿಂದ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಟ್ಯಾಲಿ, ಎಕ್ಸೆಲ್ ಕೈಗೆ ಹತ್ತಿವೆ.

ಕಳೆದ ಆರು ತಿಂಗಳಿಂದ ಕ್ವಾಂಟ್ ಟ್ರೇಡಿಂಗ್ (ಗಣಿತ, ಕಂಪ್ಯೂಟರ್ ಬಳಸಿ ಶೇರು ವ್ಯಾಪಾರ ಮಾಡೋದಂತೆ) ಬಗ್ಗೆ ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಟೆಲಿಗ್ರಾಂನಲ್ಲಿ ಒಂದು ಕೋರ್ಸ್ ಸಿಕ್ಕಿದೆ. 4 ತಿಂಗಳು, 65,000 ರೂಪಾಯಿ. ಗಣಿತ ಬೇಡ, ಕೋಡಿಂಗ್ ಬೇಡ, ನಮ್ಮದೇ ಆಲ್ಗೊ (ತಾನೇ ಟ್ರೇಡ್ ಹಾಕುವ ಪ್ರೋಗ್ರಾಂ) ಕೊಡುತ್ತೇವೆ, ದಿನಾ ಮಾರ್ಕೆಟ್ ನಡೆಯುವಾಗಲೇ ಲೈವ್ ಟ್ರೇಡ್ ಹಾಕಿ ತೋರಿಸುತ್ತೇವೆ ಅಂತಾರೆ. ಕೊನೆಗೆ ಕೆಲಸದ ಗ್ಯಾರಂಟಿ.

ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಲು ತಯಾರಿದ್ದಾರೆ. "ರೊಕ್ಕದ ಚಿಂತಿ ನಂದು. ಆದ್ರ ಇದು ಏನ್ ಕೆಲಸ ಅಂತ ನನಗ ತಿಳಿಯೋ ಹಂಗ ಒಂದ್ ಸಲ ಹೇಳು" ಅಂದರು. ಅರ್ಧ ತಾಸು ಹೇಳಿದೆ. ಅವರಿಗೆ ತಿಳಿಯಲಿಲ್ಲ. ಹೇಳುತ್ತಾ ಹೇಳುತ್ತಾ ನನಗೂ ತಿಳಿದಿಲ್ಲ ಅಂತ ಗೊತ್ತಾಯಿತು.

ಸೇರಲಾ, ಬಿಡಲಾ?

ವಿಟಿಯು_ಸಿಎಸ್ (ಬೆಳಗಾವಿ)

ಆಗಲ್ಲ ಬ್ರೋ. ಬೇಜಾರಾಗಬೇಡ. ಗ್ರಾವಿಟನ್, ಟವರ್ ರಿಸರ್ಚ್ ತರದ ಕ್ವಾಂಟ್ ಕಂಪನಿಗಳು ಐಐಟಿ ಕ್ಯಾಂಪಸ್ಸಿಗೆ ಹೋಗಿ ಆರಿಸಿಕೊಳ್ಳುತ್ತವೆ. ಅಲ್ಲೂ ಬೆರಳೆಣಿಕೆಯವರಿಗೆ ಮಾತ್ರ ಸಿಗುತ್ತೆ. ನಮ್ಮಂಥ ಎಂಜಿನಿಯರಿಂಗ್ ಹುಡುಗರ ರೆಸ್ಯೂಮೇ ಯಾರೂ ತೆರೆದು ನೋಡಲ್ಲ.

ನವನಗರ_ಸೆಕ್ಟರ್ (ಬಾಗಲಕೋಟೆ)

ತಮ್ಮಾ, ಆ 65,000 ನೀರಿಗೆ ಹಾಕಬೇಡ. ಇಂಥದ್ದೇ ಒಂದು ಕೋರ್ಸಿಗೆ ನಾನು ಸೇರಿದ್ದೆ. ಹೆಸರು ಹೇಳಲ್ಲ, ಈಗ ಅವರ ಫೋನೂ ಹತ್ತಲ್ಲ.

ನಮ್ಮದು ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಮನೆ. ಪರಿಹಾರದ ದುಡ್ಡಿನಲ್ಲಿ ಮನೆ ಕಟ್ಟಿ ಉಳಿದದ್ದನ್ನು ಅಪ್ಪ ನನ್ನ ಹೆಸರಿಗೆ ಇಟ್ಟಿದ್ದರು. ಕೋರ್ಸಿನವರು ಕೊಟ್ಟ ಆಲ್ಗೊ ನಿಫ್ಟಿ ಆಪ್ಷನ್ (ನಿಫ್ಟಿ ಸೂಚ್ಯಂಕದ ಏರಿಳಿತದ ಮೇಲಿನ ಒಪ್ಪಂದ) ಮಾರುತ್ತಿತ್ತು. ಏರಿದರೆ ಕೊಂಡವನಿಗೆ ಲಾಭ ತರುವ ಕಾಲ್ ಒಂದು, ಇಳಿದರೆ ಲಾಭ ತರುವ ಪುಟ್ ಒಂದು. ಮಾರ್ಕೆಟ್ ಹೆಚ್ಚು ಅಲುಗಾಡದಿದ್ದರೆ ಮಾರಿದಾಗ ಸಿಕ್ಕ ದುಡ್ಡು, ಅಂದರೆ ಪ್ರೀಮಿಯಂ, ನಮಗೆ. ನಷ್ಟ ಆದ ದಿನದ ಮರುದಿನ ಲಾಟ್ (ಒಮ್ಮೆಗೆ ಮಾರುವ ಪ್ರಮಾಣ) ಡಬಲ್. ಏಳು ತಿಂಗಳು ದಿನಾ 1,500, 2,000 ಹೀಗೆ ಬಂತು. ಹೆಂಡತಿಗೆ ಇಳಕಲ್ ಸೀರೆ ತಂದೆ, ಗೆಳೆಯರಿಗೆಲ್ಲ ಪಾರ್ಟಿ ಕೊಟ್ಟೆ. 2024ರ ಜೂನ್ 3ಕ್ಕೆ ಮಾರ್ಕೆಟ್ ಜೋರಾಗಿ ಏರಿ ಸ್ವಲ್ಪ ನಷ್ಟ ಆಗಿತ್ತು. ಹಾಗಾಗಿ ಮರುದಿನ ಡಬಲ್ ಲಾಟ್. ಆ ಮರುದಿನ ಅಂದರೆ ಜೂನ್ 4, ಲೋಕಸಭೆ ಚುನಾವಣೆ ಫಲಿತಾಂಶ. ನಿಫ್ಟಿ ಒಂದೇ ದಿನ ಶೇ 6ರ ಹತ್ತಿರ ಬಿತ್ತು. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ 3 ಲಕ್ಷ 40 ಸಾವಿರ ಹೋಗಿತ್ತು. ಸ್ಟಾಪ್ ಲಾಸ್ ಇತ್ತು, ಅಂದರೆ ನಷ್ಟ ಇಷ್ಟಾದರೆ ತಾನಾಗಿ ಹೊರಬರುವ ಆರ್ಡರ್. ಆದರೆ ಅದು ಹೊಡೆಯುವಷ್ಟರಲ್ಲಿ ದರ ಎಲ್ಲೋ ಜಿಗಿದು ಹೋಗಿತ್ತು.

ಆಮೇಲೆ ಶೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯ ವರದಿ ಓದಿದೆ. ಮೊದಲೇ ಓದಬೇಕಿತ್ತು. 2022ರಿಂದ 2024ರ ಆರ್ಥಿಕ ವರ್ಷದವರೆಗೆ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯರಲ್ಲಿ ಶೇ 93 ಜನಕ್ಕೆ ನಷ್ಟ. ಖರ್ಚೆಲ್ಲ ಕಳೆದು 1 ಲಕ್ಷದ ಮೇಲೆ ಗಳಿಸಿದವರು ಬರೀ ಶೇ 1. ಮೂರು ವರ್ಷದಲ್ಲಿ ಜನ ಕಳೆದುಕೊಂಡದ್ದು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ನನ್ನದೂ 3.4 ಲಕ್ಷ ಇದೆ.

ಬೈಲಹೊಂಗಲದವ (ಈಗ ಬೆಂಗಳೂರು)

ಮೇಲಿನ ಅಣ್ಣ ಹೇಳಿದ ವರದಿಯಲ್ಲೇ ಇನ್ನೊಂದು ಲೆಕ್ಕ ಇದೆ, ಅದನ್ನು ಯಾರೂ ಹೇಳಲ್ಲ. 2023-24ರಲ್ಲಿ ದೊಡ್ಡ ಪ್ರೊಪ್ರೈಟರಿ ಟ್ರೇಡರ್‌ಗಳು (ಸ್ವಂತ ದುಡ್ಡಲ್ಲಿ ಟ್ರೇಡ್ ಮಾಡುವ ಕಂಪನಿಗಳು) ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಲಾಭ ಮಾಡಿದರು, ಖರ್ಚು ಕಳೆಯುವ ಮೊದಲು. ಆ ಲಾಭದ ಶೇ 96, 97 ಬಂದದ್ದು ಆಲ್ಗೊದಿಂದ. ಅಂದರೆ ನವನಗರದ ಅಣ್ಣನ ಎದುರು ಕೂತದ್ದು ಕ್ವಾಂಟ್‌ಗಳು. ಈಗ ತಮ್ಮ ಕೇಳುತ್ತಿರೋದು ಆ ಕಡೆ ಹೋಗಿ ಕೂರಬಹುದಾ ಅಂತ. ಎರಡೂ ಬೇರೆ ಬೇರೆ ಪ್ರಶ್ನೆ. ಟೆಲಿಗ್ರಾಂ ಕೋರ್ಸಿನವರು ಬೇಕಂತಲೇ ಎರಡನ್ನೂ ಕಲಸಿ ಮಾರುತ್ತಾರೆ.

ಮೊದಲು ಕೋರ್ಸಿನ ಮಾತು ಮುಗಿಸೋಣ. ಪಾಠದ ಹೆಸರಲ್ಲಿ ಹಿಂದಿನ ಮೂರು ತಿಂಗಳ ಶೇರು ದರ ಬಳಸಿ ಹೇಳಿಕೊಡಬಾರದು ಅಂತ ಸೆಬಿ 2025ರ ಜನವರಿಯಲ್ಲೇ ಸ್ಪಷ್ಟ ಮಾಡಿದೆ. ಇವರು ದಿನಾ ಲೈವ್ ತೋರಿಸುತ್ತೇವೆ ಅಂತಾರೆ. ಅಷ್ಟು ಸಾಕಲ್ವಾ?

ಈಗ ನನ್ನ ಕಥೆ. ನಾನು ಬಿಎ, ಎಕನಾಮಿಕ್ಸ್. ಬೆಂಗಳೂರಿಗೆ ಬಂದಾಗ ಸಿಕ್ಕದ್ದು ಒಂದು ವಿದೇಶಿ ಬ್ಯಾಂಕಿನ ಬ್ಯಾಕ್ ಆಫೀಸ್, ರಾತ್ರಿ ಪಾಳಿ. ನಮ್ಮ ಪುಸ್ತಕದಲ್ಲಿರುವ ಟ್ರೇಡು, ಎದುರಿನವರ ಪುಸ್ತಕದಲ್ಲಿರುವ ಟ್ರೇಡು ತಾಳೆ ನೋಡೋದು. ಸಾವಿರ ಸಾಲು, ಎಂಟು ತಾಸು. ಕಣ್ಣು ಉರಿಯುತ್ತಿತ್ತು. ಆ ಬೇಜಾರಿಗೇ ಡೇಟಾ ಹುಡುಕುವ ಎಸ್‌ಕ್ಯೂಎಲ್ ಭಾಷೆ ಕಲಿತೆ, ಆಮೇಲೆ ಪೈಥಾನ್ ಕೋಡಿಂಗ್. ಎಂಟು ತಾಸಿನ ಕೆಲಸ ನಲವತ್ತು ನಿಮಿಷಕ್ಕೆ ಇಳಿಯಿತು. ಮ್ಯಾನೇಜರ್ ಕಣ್ಣಿಗೆ ಬಿದ್ದೆ. ಎರಡು ವರ್ಷಕ್ಕೆ ಪ್ರಾಡಕ್ಟ್ ಕಂಟ್ರೋಲ್, ಅಂದರೆ ಟ್ರೇಡರ್‌ನ ದಿನದ ಲಾಭ-ನಷ್ಟ ಎಲ್ಲಿಂದ ಬಂತು ಅಂತ ಬಿಡಿಸಿ ಬರೆಯೋ ಕೆಲಸ. ಅಲ್ಲಿಂದ ಎಫ್‌ಆರ್‌ಎಂ ಅನ್ನೋ ರಿಸ್ಕ್ ಪರೀಕ್ಷೆಯ ಎರಡು ಭಾಗ ಬರೆದು ಮಾರ್ಕೆಟ್ ರಿಸ್ಕ್. ಒಟ್ಟು ಏಳು ವರ್ಷ. ನಾನು ಕ್ವಾಂಟ್ ಅಂತ ಹೇಳಿಕೊಳ್ಳಲ್ಲ. ಆದರೆ ಕ್ವಾಂಟ್‌ಗಳು ಮಾಡಿದ ಮಾಡೆಲ್ ತಪ್ಪಿದರೆ ಮೊದಲು ಗೊತ್ತಾಗೋದು ನಮಗೆ.

ಉದಾಹರಣೆ ಕೊಡುತ್ತೇನೆ. ಒಂದು ಮಾಡೆಲ್ ಹೇಳುತ್ತೆ, ನೂರಕ್ಕೆ 99 ದಿನ ನಷ್ಟ ಈ ಗೆರೆ ದಾಟಲ್ಲ ಅಂತ. ವರ್ಷಕ್ಕೆ 250 ದಿನ ಮಾರ್ಕೆಟ್. ಹಾಗಾದರೆ ಎರಡು ಮೂರು ದಿನ ದಾಟಬಹುದು, ಸರಿ. ಬ್ಯಾಂಕುಗಳಿಗಿರುವ ಬಾಸೆಲ್ ಅನ್ನೋ ಅಂತರರಾಷ್ಟ್ರೀಯ ನಿಯಮದಲ್ಲಿ ನಾಲ್ಕು ಸಲದವರೆಗೆ ಹಸಿರು. ಐದರಿಂದ ಒಂಬತ್ತು ಹಳದಿ. ಹತ್ತಾದರೆ ಕೆಂಪು. ನಾವು ದಿನಾ ಬೆಳಿಗ್ಗೆ ಆ ಎಣಿಕೆ ನೋಡುತ್ತೇವೆ. ಇಷ್ಟೇನಾ ಅಂತೀರಾ? ಹಳದಿಗೆ ಬಂದ ದಿನ ಮೀಟಿಂಗಿನಲ್ಲಿ ಕೂತು ನೋಡಿ.

ಇನ್ನು 'ಕ್ವಾಂಟ್‌ಗೆ ಫೈನಾನ್ಸ್ ಹಿನ್ನೆಲೆ ಬೇಕಿಲ್ಲ' ಅನ್ನೋ ಮಾತು. ನಿಜ, ಆದರೆ ಪೂರ್ತಿ ಕೇಳಬೇಕು. ಅಮೆರಿಕದ ಗಣಿತಜ್ಞ ಜಿಮ್ ಸೈಮನ್ಸ್ 1982ರಲ್ಲಿ ರೆನೈಸಾನ್ಸ್ ಟೆಕ್ನಾಲಜೀಸ್ ಅನ್ನೋ ಕ್ವಾಂಟ್ ಕಂಪನಿ ಶುರು ಮಾಡಿದರು. ವಾಲ್‌ಸ್ಟ್ರೀಟಿನವರನ್ನು ಬಿಟ್ಟು ಗಣಿತ, ಭೌತಶಾಸ್ತ್ರದವರನ್ನು ತಗೊಂಡರು. 1993ರಲ್ಲಿ ಐಬಿಎಂನಲ್ಲಿ ಮಾತು ಗುರುತಿಸುವ ಕಂಪ್ಯೂಟರ್ ಮಾಡುತ್ತಿದ್ದ ಇಬ್ಬರನ್ನು ಕರೆತಂದರು. ಅವರಿಗೆ ಶೇರು ಗೊತ್ತಿರಲಿಲ್ಲ, ಸಂಭವನೀಯತೆ ನೀರು ಕುಡಿದಷ್ಟು ಸಲೀಸಾಗಿತ್ತು. ನಮ್ಮ ಕಡೆ ಇದನ್ನು ಉಲ್ಟಾ ಓದುತ್ತಾರೆ. ಫೈನಾನ್ಸ್ ಇಲ್ಲದಿದ್ದರೂ ನಡೆಯುತ್ತೆ, ಗಣಿತ ಇಲ್ಲದಿದ್ದರೆ ನಡೆಯಲ್ಲ.

ವಿಟಿಯು ಹುಡುಗ ಹೇಳಿದ್ದು ಆ ನಾಲ್ಕೈದು ಕಂಪನಿ ಮಟ್ಟಿಗೆ ಸರಿ. ಅದು ಮುಂಬಾಗಿಲು. ಪಕ್ಕದ ಬಾಗಿಲು ತಡವಾಗಿ ತೆರೆಯುತ್ತೆ, ಸಂಬಳ ಮೊದಲು ಕಮ್ಮಿ. ಆದರೆ ತೆರೆಯುತ್ತೆ.

ಒಣದ್ರಾಕ್ಷಿ_24

ಅಣ್ಣಾ, ತುಂಬಾ ಧನ್ಯವಾದ. ಒಂದು ದಡ್ಡ ಪ್ರಶ್ನೆ. ಆ ಆಲ್ಗೊ ಕಂಪನಿಗಳು ನಾಳೆ ಮಾರ್ಕೆಟ್ ಏರುತ್ತಾ ಇಳಿಯುತ್ತಾ ಅಂತ ಹೇಗೆ ಕಂಡುಹಿಡಿಯುತ್ತವೆ?

ಟಿಳಕವಾಡಿ_ಡೀಲರ್ (ಬೆಳಗಾವಿ)

ಇದಕ್ಕೆ ನಾನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಸಬ್‌ಬ್ರೋಕರ್ ಆಫೀಸಿನಲ್ಲಿ ಟರ್ಮಿನಲ್ ಮುಂದೆ ಕೂತಿದ್ದೇನೆ.

ಅವರಲ್ಲಿ ಎಷ್ಟೋ ಜನ ಕಂಡುಹಿಡಿಯೋದೇ ಇಲ್ಲ. ನೀವು ವಿಜಯಪುರದವರು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಸಂತೆ ನೋಡಿರಬೇಕು. ಟವೆಲ್ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ದರ ಹೇಳುತ್ತಾರಲ್ಲ. ಮಧ್ಯೆ ನಿಂತ ದಲಾಲಿ ಎತ್ತಿನ ಭವಿಷ್ಯ ಹೇಳುತ್ತಾನಾ? ಮಾರುವವನ ಬೆರಳೂ ಗೊತ್ತು, ಕೊಳ್ಳುವವನ ಬೆರಳೂ ಗೊತ್ತು. ನಡುವಿನ ಅಂತರದಲ್ಲಿ ಅವನ ಊಟ. ಮಾರ್ಕೆಟ್ ಮೇಕರ್ ಮಾಡೋದೂ ಅದೇ. 100ಕ್ಕೆ ಕೊಳ್ಳುತ್ತೇನೆ, 100.05ಕ್ಕೆ ಮಾರುತ್ತೇನೆ ಅಂತ ಎರಡೂ ಕಡೆ ದರ ಇಟ್ಟು ನಿಲ್ಲೋದು. ಐದು ಪೈಸೆ, ಲಕ್ಷ ಸಲ. ದಲಾಲಿಗೆ ಇರದ ಭಯ ಒಂದು ಇವರಿಗಿದೆ. ಎತ್ತು ಇವರ ಕೈಯಲ್ಲೇ ಉಳಿದಾಗ ದರ ಬಿದ್ದರೆ? ಆ ಭಯಕ್ಕೆ ಎಷ್ಟು ಪೈಸೆ ಅಂತರ ಇಡಬೇಕು ಅನ್ನೋದೇ ಅವರ ಗಣಿತ. ಅದಕ್ಕೇ ಕಂಪ್ಯೂಟರನ್ನು ಎಕ್ಸ್‌ಚೇಂಜಿನ ಕಟ್ಟಡದ ಒಳಗೇ ಇಡುತ್ತಾರೆ, ಮೈಕ್ರೋಸೆಕೆಂಡ್ ಉಳಿಸೋಕೆ.

ಮನೆಯಲ್ಲಿ ಕೂತು ಅದೇ ಆಟ ಆಡುತ್ತೇನೆ ಅಂದರೆ ಖರ್ಚೇ ತಿಂದುಬಿಡುತ್ತೆ. ನಿಫ್ಟಿ ಲಾಟ್ 75 ಇದ್ದಾಗ ಒಬ್ಬ ಗಿರಾಕಿಗೆ ಹಾಳೆಯ ಮೇಲೆ ಬರೆದು ತೋರಿಸಿದ್ದೆ. 100ಕ್ಕೆ ಆಪ್ಷನ್ ಕೊಂಡ, 101ಕ್ಕೆ ಮಾರಿದ. 75 ರೂಪಾಯಿ ಲಾಭ ಅಂದ. ಬ್ರೋಕರೇಜ್ 20ರಂತೆ ಎರಡು ಸಲ, 40. ಮಾರಿದ್ದಕ್ಕೆ ಎಸ್‌ಟಿಟಿ ತೆರಿಗೆ ಆಗ ಶೇ 0.1, ಏಳೂವರೆ. ಎಕ್ಸ್‌ಚೇಂಜ್ ಚಾರ್ಜು ಐದು ಚಿಲ್ಲರೆ. ಜಿಎಸ್‌ಟಿ ಎಂಟು. ಒಟ್ಟು 61. ಕೈಗೆ ಬಂದದ್ದು 14 ರೂಪಾಯಿ. "ಒಂದ್ ಚಾ ಬಂತಲ್ರಿ" ಅಂತ ನಕ್ಕು ಹೋದ. ಮರುದಿನ ಮತ್ತೆ ಬಂದ.

ನವನಗರ_ಸೆಕ್ಟರ್

ದಲಾಲಿ ಬರೀ ಮಧ್ಯೆ ನಿಲ್ಲುತ್ತಾನೆ ಅಂತ ನಂಬಬೇಡಿ ಸರ್. ಅಮೆರಿಕದ ಟ್ರೇಡಿಂಗ್ ಕಂಪನಿ ಜೇನ್ ಸ್ಟ್ರೀಟ್ ವಿಷಯ ನೋಡಿಲ್ವಾ? 2025ರ ಜುಲೈ 3ರಂದು ಸೆಬಿ ಮಧ್ಯಂತರ ಆದೇಶ ಹೊರಡಿಸಿ 4,843 ಕೋಟಿ ಜಪ್ತಿಗೆ ಹೇಳಿತು. ಬ್ಯಾಂಕ್ ನಿಫ್ಟಿ ಶೇರುಗಳನ್ನು ಬೆಳಿಗ್ಗೆ ಕೊಂಡು ಸೂಚ್ಯಂಕ ಎತ್ತಿ, ಆಪ್ಷನ್‌ನಲ್ಲಿ ಉಲ್ಟಾ ಕೂತು, ಮಧ್ಯಾಹ್ನ ಇಳಿಸಿದರು ಅನ್ನೋದು ಆರೋಪ.

ಬೈಲಹೊಂಗಲದವ

ಆರೋಪ, ಸರಿ. ಕಂಪನಿ ಒಪ್ಪಿಲ್ಲ, ಅದು ಆರ್ಬಿಟ್ರೇಜ್ (ಎರಡು ಕಡೆಯ ದರದ ವ್ಯತ್ಯಾಸ ಹಿಡಿಯುವ ವ್ಯಾಪಾರ) ಅಂತ ವಾದ ಮಾಡುತ್ತಿದೆ. ಆ ಚರ್ಚೆಗೆ ಬೇರೆ ಥ್ರೆಡ್ ಮಾಡಿ ಅಣ್ಣಾ, ಇಲ್ಲಿ ಹುಡುಗನ ಪ್ರಶ್ನೆ ಕಳೆದುಹೋಗುತ್ತೆ.

ಲೆಕ್ಕದ_ಅಕ್ಕೋರು (ಬೆಳಗಾವಿ)

ಡಿಗ್ರಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತೇನೆ. ಬಿಕಾಂ ಮಕ್ಕಳಿಗೆ ನಮ್ಮ ಪೇಪರ್ ಅಂದರೆ ಜ್ವರ ಬರುತ್ತೆ, ಅದು ನನಗೂ ಗೊತ್ತು.

ಒಣದ್ರಾಕ್ಷಿಯವರೇ, ಕೋರ್ಸಿನ ಮಾತು ಆಮೇಲೆ. ಒಂದು ಲೆಕ್ಕ ಕೊಡುತ್ತೇನೆ. ಇಂಟರ್‌ವ್ಯೂಗಳಲ್ಲಿ ಕೇಳಿ ಕೇಳಿ ಹಳಸಿದ ಲೆಕ್ಕ, ಆದರೂ ಒಳ್ಳೆಯದು. ಪಗಡೆಯ ದಾಳವಲ್ಲ, ಆರು ಮುಖದ ಮಾಮೂಲಿ ದಾಳ. ಒಮ್ಮೆ ಹಾಕುತ್ತೀರಿ. ಎಷ್ಟು ಬಿದ್ದರೆ ಅಷ್ಟು ರೂಪಾಯಿ ನಿಮಗೆ. ಬೇಡ ಅನಿಸಿದರೆ ಇನ್ನೊಂದೇ ಒಂದು ಸಲ ಹಾಕಬಹುದು, ಆಗ ಎರಡನೇದನ್ನೇ ತಗೋಬೇಕು. ಈ ಆಟಕ್ಕೆ ಕೂರಲು ಎಷ್ಟು ದುಡ್ಡು ಕೊಡುತ್ತೀರಿ?

ವಿಟಿಯು ಹುಡುಗ ಎರಡು ದಿನ ಸುಮ್ನಿರಬೇಕು.

ಒಣದ್ರಾಕ್ಷಿ_24

ಅಕ್ಕೋರೆ, 1ರಿಂದ 6 ಕೂಡಿಸಿದರೆ 21, ಆರರಿಂದ ಭಾಗಿಸಿದರೆ 3.5. ಎರಡು ಸಲ ಹಾಕಬಹುದು, ಹಾಗಾಗಿ 7?

ಲೆಕ್ಕದ_ಅಕ್ಕೋರು

ದಾಳದಲ್ಲಿ 7 ಎಲ್ಲಿದೆಯಪ್ಪಾ?

ಒಣದ್ರಾಕ್ಷಿ_24

ಅಯ್ಯೋ. ನಾಚಿಕೆ ಆಯ್ತು. ಎಕ್ಸೆಲ್‌ನಲ್ಲಿ ಕೂತು 10,000 ಸಾಲು ದಾಳ ಹಾಕಿಸಿದೆ. ಮೊದಲಿನದು 3 ಅಥವಾ ಕಮ್ಮಿ ಬಿದ್ದರೆ ಮಾತ್ರ ಮತ್ತೆ ಹಾಕು ಅಂತ ಸೂತ್ರ ಕೊಟ್ಟೆ. ಸರಾಸರಿ 4.25ರ ಆಸುಪಾಸು ಬರುತ್ತಿದೆ. 4 ಬಿದ್ದರೂ ಮತ್ತೆ ಹಾಕು ಅಂತ ಬದಲಿಸಿದರೆ ಕಮ್ಮಿಯಾಗುತ್ತೆ. ಉತ್ತರ ಬಂತು, ಆದರೆ ಯಾಕೆ ಅಂತ ಬಾಯಲ್ಲಿ ಹೇಳಲು ಬರುತ್ತಿಲ್ಲ.

ವಿಟಿಯು_ಸಿಎಸ್

ಅಕ್ಕೋರೆ, ಎರಡು ದಿನ ಆಯ್ತು, ನಾನು ಹೇಳಲಾ? ಬ್ರೋ, ಎರಡನೇ ಸಲ ಹಾಕಿದರೆ ಸರಾಸರಿ ಬರೋದು 3.5. ಅದಕ್ಕಿಂತ ಜಾಸ್ತಿ ಬಿದ್ದರೆ ಇಟ್ಟುಕೋ, ಕಮ್ಮಿ ಬಿದ್ದರೆ ಬಿಡು. ಅರ್ಧ ಸಲ 4, 5, 6 ಬೀಳುತ್ತೆ, ಅವುಗಳ ಸರಾಸರಿ 5. ಇನ್ನರ್ಧ ಸಲ 3.5. ಎರಡರ ನಡು 4.25. ಆಪ್ಷನ್ ಅಂದರೂ ಇದೇ, ಬೇಕಾದರೆ ತಗೋ, ಬೇಡದಿದ್ದರೆ ಬಿಡು ಅನ್ನೋ ಹಕ್ಕಿಗೆ ಒಂದು ಬೆಲೆ. ಮೂರು ಸಲ ಹಾಕಬಹುದಾದರೆ ಎಷ್ಟು ಅಂತ ನೀನು ಮಾಡು.

ಮೊದಲ ಪೋಸ್ಟಿನಲ್ಲಿ ಸ್ವಲ್ಪ ಒರಟಾಗಿ ಬರೆದೆ. ಕಾರಣ ಇದೆ. ಹೋದ ವರ್ಷ ಒಂದು ಟ್ರೇಡಿಂಗ್ ಕಂಪನಿಯ ಆನ್‌ಲೈನ್ ಟೆಸ್ಟ್ ಬರೆದಿದ್ದೆ. ಕೋಡಿಂಗ್ ಎಲ್ಲ ಮಾಡಿದೆ. ಆಮೇಲೆ ಫೋನಿನಲ್ಲಿ ಒಬ್ಬರು, "ಗೋಳಗುಮ್ಮಟ ಎಷ್ಟು ಅಡಿ ಎತ್ತರ? ಎರಡು ದರ ಹೇಳು" ಅಂದರು. ನಾನು ಈ ಕಡೆಯವನು ಅಂತ ನೋಡಿ ಕೇಳಿದ್ದಿರಬೇಕು, ಅಜ್ಜಿ ಮನೆ ವಿಜಯಪುರ. ನಾನು ಭಾರಿ ಜಾಣನ ಹಾಗೆ 150ಕ್ಕೆ ಕೊಳ್ಳುತ್ತೇನೆ, 155ಕ್ಕೆ ಮಾರುತ್ತೇನೆ ಅಂದೆ. "155ಕ್ಕೆ ಕೊಂಡೆ, ಈಗ ಎಷ್ಟು?" ಅಂದರು. 152, 157 ಅಂದೆ. ಮತ್ತೆ ಕೊಂಡರು. ಮತ್ತೆ. ಎದುರಿನವರು ಕೊಳ್ಳುತ್ತಲೇ ಇದ್ದಾರೆ ಅಂದರೆ ಅವರಿಗೆ ಏನೋ ಗೊತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ. ದರ ಜಿಗಿಸಬೇಕಿತ್ತು, ಅಂತರ ಅಗಲ ಮಾಡಬೇಕಿತ್ತು. ಹತ್ತು ನಿಮಿಷಕ್ಕೆ ಥ್ಯಾಂಕ್ಯೂ ಅಂದು ಇಟ್ಟರು. ಅಜ್ಜಿ ಮನೆಯಿಂದ ಗುಮ್ಮಟ ಕಾಣುತ್ತೆ, ಅದೇ ಹೊಟ್ಟೆ ಉರಿ.

ಟಿಳಕವಾಡಿ_ಡೀಲರ್

ಇದಕ್ಕೆ ಟವೆಲ್ ಕೆಳಗಿನ ದಲಾಲಿನೇ ಸರಿ ನೋಡಿ. ಎದುರಿನವನ ಬೆರಳು ನಡುಗಿದರೂ ಅವನಿಗೆ ಗೊತ್ತಾಗುತ್ತೆ.

ಕೆಲಸದ ವಿಷಯ. ನಮ್ಮಂಥ ಡೆರಿವೇಟಿವ್ಸ್ (ಫ್ಯೂಚರ್ಸ್, ಆಪ್ಷನ್ಸ್) ಡೀಲರ್ ಆಗಲು ಸೆಬಿಯ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಸೀರೀಸ್ 8 ಪರೀಕ್ಷೆ ಪಾಸಾಗಿರಬೇಕು. ಫೀ 1,500. ಎರಡು ತಾಸು, ನೂರಕ್ಕೆ 60 ಬೇಕು, ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುತ್ತಾರೆ. ಮೂರು ವರ್ಷಕ್ಕೊಮ್ಮೆ ನವೀಕರಣ. ಓದುವ ಪುಸ್ತಕ ಅವರೇ ಕೊಡುತ್ತಾರೆ. 65,000ದ ಕೋರ್ಸಿನಲ್ಲಿ ಹೇಳೋದು ಅದರ ಕಾಲು ಭಾಗ. ಇದು ಪಾಸಾದರೆ ಕ್ವಾಂಟ್ ಆಗಲ್ಲ, ಟಾರ್ಗೆಟ್ ತಲೆಬಿಸಿಯ ಕೆಲಸ ಸಿಗುತ್ತೆ. ಆದರೆ ಮಾರ್ಜಿನ್, ಎಕ್ಸ್‌ಪೈರಿ, ಸೆಟಲ್‌ಮೆಂಟ್ ಇವೆಲ್ಲ ಕಣ್ಣಾರೆ ನೋಡುತ್ತೀರಿ.

ಲೆಕ್ಕದ_ಅಕ್ಕೋರು

ಹುಡುಗ 7 ಅಂದು ಅಲ್ಲೇ ನಿಲ್ಲಲಿಲ್ಲ, 10,000 ಸಾಲು ಹಾಕಿ ನೋಡಿದ. ನನಗೆ ಅದು ಇಷ್ಟವಾಯಿತು. ಹಾಗಾಗಿ ಗಂಭೀರವಾಗಿ ಹೇಳುತ್ತೇನೆ.

ಎಚ್‌ಇಬಿಎ ಅಂದರೆ ದೊಡ್ಡ ಕಡೆಗಳಲ್ಲಿ ಎಂಎಸ್ಸಿಗೆ ನೇರ ಹೋಗೋದು ಕಷ್ಟ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಕೋರ್ಸು ಬಿಕಾಂನವರನ್ನೂ ತಗೊಳ್ಳುತ್ತೆ, ಆದರೆ ಪಿಯುಸಿಯಲ್ಲಿ ಗಣಿತ ಇರಬೇಕು. ಈ ಒಂದು ಸಾಲಿನಲ್ಲಿ ನಮ್ಮ ಕಡೆಯ ಎಷ್ಟು ಮಕ್ಕಳು ಉದುರಿ ಹೋಗುತ್ತಾರೋ. ಹದಿನಾರನೇ ವಯಸ್ಸಿಗೆ, ಕಾಮರ್ಸಿಗೆ ಗಣಿತ ಯಾಕೆ ಅಂತ ಯಾರೋ ಹೇಳಿದ್ದಕ್ಕೆ.

ನಿಮಗೆ ತೆರೆದಿರೋದು ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿಎಸ್. ಜೆಇಇ ಬೇಡ. ಪಿಯುಸಿ ಯಾವ ವಿಭಾಗವಾದರೂ ಆದೀತು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು. ನಾಲ್ಕು ವಾರದ ಪಾಠ ಆದ ಮೇಲೆ ಒಂದು ಅರ್ಹತಾ ಪರೀಕ್ಷೆ. ಪಾಠ ಆನ್‌ಲೈನ್, ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯಬೇಕು. ಪೂರ್ತಿ ನಾಲ್ಕು ವರ್ಷ ಮಾಡಬೇಕಂತಿಲ್ಲ, ನಡುವೆ ಡಿಪ್ಲೊಮಾ ತಗೊಂಡು ಹೊರಬರಬಹುದು. ಕೆಲಸ ಬಿಡಬೇಡಿ. ಕೆಲಸ ಮಾಡುತ್ತಲೇ ಓದುವವರು ತುಂಬಾ ಜನ ಇದ್ದಾರೆ.

ಇನ್ನೊಂದು ಆಕ್ಚುರಿ. ವಿಮೆ ಕಂಪನಿಯ ರಿಸ್ಕ್ ಲೆಕ್ಕ ಹಾಕುವವರು. ಮೊದಲು ಎಸಿಇಟಿ ಅನ್ನೋ ಪ್ರವೇಶ ಪರೀಕ್ಷೆ, ಆಮೇಲೆ ಪೂರ್ತಿ ಫೆಲೋ ಆಗಲು 13 ಪೇಪರ್. ನನ್ನ ಹಳೇ ವಿದ್ಯಾರ್ಥಿನಿ ಖಾನಾಪುರದವಳು, ನಾಲ್ಕು ಪೇಪರ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಉಳಿದದ್ದು ಬರೆಯುತ್ತಿದ್ದಾಳೆ, ಬೈಯುತ್ತಲೂ ಇದ್ದಾಳೆ.

ಮೊದಲು ಎಂಟು ತಿಂಗಳು ಬರೀ ಗಣಿತ. ಪಿಯುಸಿ ಸೈನ್ಸ್ ಮಕ್ಕಳ ಗಣಿತ ಪುಸ್ತಕ ಇಸಿದುಕೊಳ್ಳಿ. ಕ್ರಮಯೋಜನೆ, ಸಂಭವನೀಯತೆ, ಕಲನ, ಮಾತೃಕೆ. ಕನ್ನಡ ಮಾಧ್ಯಮದವರಾದರೆ ಕನ್ನಡ ಪುಸ್ತಕದಲ್ಲೇ ಮೊದಲು ಅರ್ಥ ಮಾಡಿಕೊಳ್ಳಿ, ಆಮೇಲೆ ಅದೇ ಪಾಠ ಇಂಗ್ಲಿಷಿನಲ್ಲಿ. ಎರಡು ಕೆಲಸ ಒಟ್ಟಿಗೆ ಮಾಡಲು ಹೋಗಿ ಎರಡೂ ಬಿಟ್ಟವರನ್ನು ನೋಡಿದ್ದೇನೆ.

ಜೊತೆಗೆ ಒಂದು ಹೋಮ್‌ವರ್ಕ್. ಶೇರು ಮುಟ್ಟಬೇಡಿ. ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಎಪಿಎಂಸಿ ದರ ದಿನಾ ಸಿಗುತ್ತೆ. ಉಳ್ಳಾಗಡ್ಡಿ ದರ ತಗೊಳ್ಳಿ, ವಿಜಯಪುರದ್ದು, ಬೆಳಗಾವಿದ್ದು. ಇಲ್ಲಿ ಕೊಂಡು ಅಲ್ಲಿ ಮಾರಿದರೆ ದುಡ್ಡು ಆಗುತ್ತಾ ಹೇಳಿ.

ಒಣದ್ರಾಕ್ಷಿ_24 (ಐದು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಕೋರ್ಸಿಗೆ ಸೇರಲಿಲ್ಲ. ಅವರು 65 ಇದ್ದದ್ದನ್ನು 40ಕ್ಕೆ ಇಳಿಸಿ ಮೂರು ಸಲ ಫೋನ್ ಮಾಡಿದರು. ಮೂರು ಸಲ ದಾಳದ ಆಟದ ಉತ್ತರ 4.67 ಬಂತು, ವಿಟಿಯು ಬ್ರೋ, ಸರಿನಾ?

ಉಳ್ಳಾಗಡ್ಡಿ ಲೆಕ್ಕ ಮಾಡಿದೆ. ಎಂಟು ತಿಂಗಳ ದರ, ಎರಡೂ ಮಾರ್ಕೆಟ್ ತೆರೆದಿದ್ದ ದಿನ ಮಾತ್ರ. ನಮ್ಮ ಕೋಲ್ಡ್ ಸ್ಟೋರೇಜಿಗೆ ಬರುವ ಲಾರಿಯವರನ್ನು ಕೇಳಿದೆ. ಬಾಡಿಗೆ, ಹಮಾಲಿ, ಚೀಲ ಸೇರಿ ಕ್ವಿಂಟಲ್‌ಗೆ 180 ಹಿಡಿ ಅಂದರು. ಬೆಳಗಾವಿ ದರ ವಿಜಯಪುರಕ್ಕಿಂತ 180ಕ್ಕೂ ಜಾಸ್ತಿ ಇದ್ದದ್ದು 61 ದಿನ. ಅಷ್ಟೂ ದಿನ ಲಾಭ! ಕೂಡಿಸಿ ನೋಡಿದಾಗ ಕೈ ನಡುಗಿತು. ಇದು ಯಾರಿಗೂ ಹೇಗೆ ಗೊತ್ತಾಗಿಲ್ಲ ಅಂತ.

ಲೆಕ್ಕದ_ಅಕ್ಕೋರು

ಬೆಳಗಾವಿಯ ಇವತ್ತಿನ ದರ ನಿಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತೆ?

ಒಣದ್ರಾಕ್ಷಿ_24

ಸಂಜೆ, ಅಕ್ಕೋರೆ.

...

ಓ.

ಬೈಲಹೊಂಗಲದವ

ಆ 'ಓ' ನನ್ನ ಬಾಯಿಂದ ಬಂದದ್ದು ಕೆಲಸಕ್ಕೆ ಸೇರಿ ಮೂರನೇ ವರ್ಷಕ್ಕೆ. ನಿನಗೆ ಐದನೇ ವಾರಕ್ಕೇ ಬಂತು.

ಒಣದ್ರಾಕ್ಷಿ_24 (ಎರಡು ದಿನದ ನಂತರ)

ತಪ್ಪು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ. ಸಂಜೆ ದರ ನೋಡಿ, ರಾತ್ರಿ ಲೋಡ್ ಮಾಡಿ, ಇನ್ನೂರು ಕಿಲೋಮೀಟರ್ ಮೇಲೆ ಹೋಗಿ, ಮರುದಿನ ಹರಾಜಿಗೆ ಇಡಬೇಕು. ಅಂದರೆ ಇವತ್ತಿನ ವಿಜಯಪುರದ ದರದ ಎದುರು ನಾಳೆಯ ಬೆಳಗಾವಿ ದರ ಇಡಬೇಕಿತ್ತು. ನಾನು ಒಂದೇ ಸಾಲಿನಲ್ಲಿ ಕಳೆದಿದ್ದೆ. ಒಂದು ಸಾಲು ಕೆಳಗೆ ಸರಿಸಿದೆ. 61 ದಿನದಲ್ಲಿ 23 ದಿನ ಮಾತ್ರ ಲಾಭ ಉಳಿಯಿತು.

ಆಮೇಲೆ ಇನ್ನೂ ಎರಡು ಕಂಡವು. ನಾನು ತೆಗೆದದ್ದು ಮಾದರಿ ದರ, ಅಂದರೆ ಆ ದಿನ ಹೆಚ್ಚು ಮಾಲು ಮಾರಿದ ದರ. ಅದು ತೆಲಗಿ ಉಳ್ಳಾಗಡ್ಡಿಯದ್ದಾ ಬೇರೆಯದ್ದಾ ನೋಡಿರಲೇ ಇಲ್ಲ. ಜಾತಿ ಬೇರೆ ಆದರೆ ದರ ಬೇರೆ ಇರೋದು ಸಹಜ, ಅದು ಲಾಭ ಅಲ್ಲ. ಇನ್ನೊಂದು, ದಾರಿಯಲ್ಲಿ ತೂಕ ಇಳಿಯುತ್ತೆ. ಶೇ 2 ಹಿಡಿದೆ. ಈಗ ಎಂಟು ತಿಂಗಳ ಒಟ್ಟು ಲೆಕ್ಕ ಮೈನಸ್.

ಬೇಜಾರಾಯಿತು, ನಿಜ. ಆದರೆ ನಿನ್ನೆ ರಾತ್ರಿ ಇದೇ ಹಾಳೆ ತೋರಿಸಿ ಅಪ್ಪನಿಗೆ ಹೇಳಿದೆ, ಕ್ವಾಂಟ್ ಅಂದರೆ ಇದು ಅಂತ. ಈ ಸಲ ತಿಳಿಯಿತು. ಊಟ ಮಾಡುತ್ತಾ ಪೂರ್ತಿ ಕೇಳಿದರು. ಕೊನೆಗೆ, "ನಿನ್ನ ಲೆಕ್ಕದಾಗ ಮಾಲು ಹ್ವಾದ ದಿನನ ಮಾರೇ ಬಿಡ್ತತಿ. ಆವಕ ಜಾಸ್ತಿ ಆಗಿ ಅವತ್ತ ಹರಾಜ ಆಗ್ಲಿಲ್ಲಂದ್ರ? ರಾತ್ರಿ ಮಳಿ ಬಂತಂದ್ರ?" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ.

ಟಿಳಕವಾಡಿ_ಡೀಲರ್

ನವನಗರದ ಅಣ್ಣನ ಸ್ಟಾಪ್ ಲಾಸ್ ಕಥೆಯೂ ಇದೇ ಅಲ್ವಾ. ಮಾರಬೇಕು ಅಂದಾಗ ಆ ದರಕ್ಕೆ ಕೊಳ್ಳುವವನೇ ಇರಲಿಲ್ಲ.

ನವನಗರ_ಸೆಕ್ಟರ್

ಹೌದು ಸರ್. ನಿಮ್ಮ ಅಪ್ಪನನ್ನ ನನ್ನ ಕೋರ್ಸಿಗೆ ಕರೆತರಬೇಕಿತ್ತು ತಮ್ಮಾ.

ಲೆಕ್ಕದ_ಅಕ್ಕೋರು

ಆವಕ ಎಷ್ಟು ಅಂತ ಅದೇ ಫೈಲಿನಲ್ಲಿ ಒಂದು ಕಾಲಮ್ ಇರಬೇಕು ನೋಡಿ. ಆವಕ ದಿಢೀರ್ ಏರಿದ ದಿನಗಳ ಮರುದಿನ ದರ ಏನಾಗಿದೆ ಅಂತ ಬೇರೆ ತೆಗೆಯಿರಿ.

ಒಣದ್ರಾಕ್ಷಿ_24

ಇತ್ತು ಅಕ್ಕೋರೆ. ಬೇಡ ಅಂತ ಮೊದಲ ದಿನವೇ ಡಿಲೀಟ್ ಮಾಡಿದ್ದೆ. ಎಂಟು ತಿಂಗಳದ್ದನ್ನು ಮತ್ತೆ ಇಳಿಸಿಕೊಳ್ಳುತ್ತಿದ್ದೇನೆ, ಮಾರ್ಚ್‌ವರೆಗೆ ಬಂದಿದೆ.